ಪಳಗಿದ ಕೈಗಳು

ಅಗಲವಾದ ಪಾತ್ರೆಯೊಂದರ ನೀರಿನ ಮೇಲೆ ಒಂದು ಹನಿ ಎಣ್ಣೆ ಬಿದ್ದರೆ ಏನಾಗುತ್ತದೆಂಬುದನ್ನು ಎಲ್ಲರೂ ಕಂಡಿರುತ್ತಾರೆ. ನೀರಿಗಿಂತ ಹಗುರವಾದ ಎಣ್ಣೆ ಮುಳುಗದೆ ಮೇಲೆಯೇ ನಿಂತು, ನೋಡನೋಡುತ್ತಿದ್ದಂತೆ ತೆಳುವಾದ ಪೊರೆಯಾಗಿ ಹರಡಿಕೊಳ್ಳುತ್ತದೆ. ಆ ಹನಿಯನ್ನು ಸೀಸೆಯ ಬಾಯಲ್ಲಿಯೇ ಒರೆಸಿಬಿಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ನೀರಿಗೆ ಬಿದ್ದ ಮೇಲೆ ಪಾತ್ರೆಯ ನೀರನ್ನೆಲ್ಲ ಚೆಲ್ಲಬೇಕಾಗುತ್ತದೆ. ತೈಲ ಸೋರಿಕೆಯ ಕಥೆಯೆಲ್ಲವೂ ಈ ಒಂದು ಹನಿಯಲ್ಲಿ ಅಡಗಿದೆ.

ಇಂದಿನ ಜೀವನಕ್ಕೆ ತೈಲ ಬೇಕು. ಬಸ್ಸು ಓಡಲು, ಟ್ರಾಕ್ಟರು ಉಳಲು, ಯಂತ್ರಗಳ ಅಚ್ಚುಗಳು ಸವೆಯದಂತೆ ತಿರುಗಲು, ವಿದ್ಯುತ್ ಪರಿವರ್ತಕಗಳು ಬಿಸಿಯೇರದಂತಿರಲು ಒಂದಲ್ಲ ಒಂದು ಬಗೆಯ ತೈಲವನ್ನು ಬಳಸುತ್ತಾರೆ. ಅದನ್ನು ತುಂಬುವ, ಸಾಗಿಸುವ, ಸುರಿಯುವ ಕಡೆಗಳಲ್ಲೆಲ್ಲ ಯಾರೋ ಒಬ್ಬರು ಕವಾಟವನ್ನು ತೆರೆಯುತ್ತಾರೆ, ಮತ್ತೊಬ್ಬರು ಕೊಳವೆಯನ್ನು ಜೋಡಿಸುತ್ತಾರೆ, ಇನ್ನೊಬ್ಬರು ಪೀಪಾಯಿಯನ್ನು ಉರುಳಿಸುತ್ತಾರೆ. ಕಡಲ ಮೇಲೆ ಹರಡಿದ ತೈಲವನ್ನು ಲೋಕವು ಪ್ರಕೃತಿಗೆ ಬಂದೊದಗಿದ ವಿಪತ್ತೆಂದು ಕರೆಯುತ್ತದೆ. ಆದರೆ ಅದು ಮೊದಲಿಗೆ ಕೆಲವು ಮಂದಿ ದುಡಿಯುವ ಸ್ಥಳದಲ್ಲಿ ನಡೆದ ಒಂದು ಅವಘಡ. ಅಲ್ಲಿ ದುಡಿಯುವವರಿಗೆ ದೊರೆತ ಅಥವಾ ದೊರೆಯದ ತರಬೇತಿಯೇ ಆ ಅವಘಡದ ಅಳತೆಯನ್ನು ನಿರ್ಧರಿಸುತ್ತದೆ. ಈ ಮಾತಿಗೆ ಅಮೆರಿಕದ ಅಲಾಸ್ಕಾ ರಾಜ್ಯದಲ್ಲಿ 1989ರಲ್ಲಿ ನಡೆದ ಘಟನೆಗಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ.

ಅಲಾಸ್ಕಾದ ದಕ್ಷಿಣ ತೀರದಲ್ಲಿ ಪ್ರಿನ್ಸ್ ವಿಲಿಯಮ್ ಸೌಂಡ್ ಎಂಬ ಕೊಲ್ಲಿಯಿದೆ. ಹಿಮ ಹೊದ್ದ ಬೆಟ್ಟಗಳು, ಮೀನು ತುಂಬಿದ ತಿಳಿನೀರು, ಲಕ್ಷಾಂತರ ಕಡಲಹಕ್ಕಿಗಳು ಆ ಕೊಲ್ಲಿಯ ಸಂಪತ್ತು. ಅದರ ಒಂದು ಮೂಲೆಯಲ್ಲಿರುವ ವಾಲ್ಡೀಸ್ ಎಂಬ ಪಟ್ಟಣಕ್ಕೆ ಉತ್ತರದ ತೈಲಕ್ಷೇತ್ರಗಳಿಂದ ಕಚ್ಚಾ ತೈಲವು ಕೊಳವೆಮಾರ್ಗದಲ್ಲಿ ಹರಿದುಬರುತ್ತದೆ. 1989ರ ಮಾರ್ಚ್ 23ರ ರಾತ್ರಿ ‘ಎಕ್ಸಾನ್ ವಾಲ್ಡೀಸ್’ ಎಂಬ ಹಡಗು ಸುಮಾರು 20 ಕೋಟಿ ಲೀಟರ್ ತೈಲವನ್ನು ತುಂಬಿಕೊಂಡು ಅಲ್ಲಿಂದ ಹೊರಟಿತು. ಹಡಗಿನ ಉದ್ದ ಸುಮಾರು 300 ಮೀಟರ್. ದಾರಿಯಲ್ಲಿ ತೇಲಿಬರುತ್ತಿದ್ದ ಹಿಮಗಡ್ಡೆಗಳನ್ನು ತಪ್ಪಿಸಲೆಂದು ಅದು ತನ್ನ ನಿಗದಿಯಾದ ಪಥವನ್ನು ಬಿಟ್ಟು ಪಕ್ಕಕ್ಕೆ ಸರಿಯಿತು. ಕಪ್ತಾನನು ಚಾಲನ ವೇದಿಕೆಯನ್ನು ಬಿಟ್ಟು ಹೋಗಿದ್ದನು. ಅಲ್ಲಿ ಉಳಿದ ಅಧಿಕಾರಿ ಬಿಡುವಿಲ್ಲದ ದುಡಿಮೆಯಿಂದ ದಣಿದಿದ್ದನು. ಕಾವಲಿನಲ್ಲಿದ್ದ ನಾವಿಕಳು ಬ್ಲೈ ಬಂಡೆಸಾಲಿನ ಎಚ್ಚರಿಕೆಯ ದೀಪ ಇರಬಾರದ ಬದಿಯಲ್ಲಿ ಕಾಣುತ್ತಿದೆಯೆಂದು ಬಂದು ತಿಳಿಸಿದಳು. ಆದರೆ ಅಷ್ಟು ದೊಡ್ಡ ಹಡಗು ಬೇಕೆಂದ ಕೂಡಲೆ ತಿರುಗುವುದಿಲ್ಲ. ನಡುರಾತ್ರಿ ಕಳೆದು ಕೆಲವೇ ನಿಮಿಷಗಳಲ್ಲಿ ಅದು ಬಂಡೆಗೆ ಬಡಿಯಿತು. ಅದರ 11 ತೈಲಕೋಶಗಳಲ್ಲಿ 8 ಸೀಳಿಹೋದವು. ಸುಮಾರು 4 ಕೋಟಿ 10 ಲಕ್ಷ ಲೀಟರ್ ತೈಲವು ಕಡಲಿಗೆ ಸೇರಿತು.

ಇಂಥದೊಂದು ದಿನ ಬಂದೀತೆಂದು ಯಾರೂ ಯೋಚಿಸಿರಲಿಲ್ಲವೆಂದಲ್ಲ. ತೈಲ ನಿಲ್ದಾಣದ ಬಳಿ ಸೋರಿಕೆಯನ್ನು ಎದುರಿಸುವ ಯೋಜನೆಯೊಂದು ಸಿದ್ಧವಾಗಿತ್ತು. ಸುದ್ದಿ ತಿಳಿದ ಐದು ಗಂಟೆಗಳೊಳಗೆ ನೆರವಿನ ಸಾಮಗ್ರಿ ಸ್ಥಳವನ್ನು ಸೇರುವುದೆಂದು ಅದರಲ್ಲಿ ಬರೆದಿತ್ತು. ಆದರೆ ಆ ಸಾಮಗ್ರಿಯನ್ನು ಹೊತ್ತೊಯ್ಯಬೇಕಾದ ದೋಣಿ ದುರಸ್ತಿಗಾಗಿ ಬರಿದಾಗಿ ನಿಂತಿತ್ತು. ಸೋರಿಕೆಯನ್ನು ಎದುರಿಸಲೆಂದೇ ಮೀಸಲಾಗಿದ್ದ ತಂಡವನ್ನು ಕೆಲವು ವರ್ಷಗಳ ಹಿಂದೆಯೇ ವಿಸರ್ಜಿಸಿ, ಅದರ ಹೊಣೆಯನ್ನು ಬೇರೆ ಬೇರೆ ಕೆಲಸಗಳಲ್ಲಿದ್ದವರಿಗೆ ಹಂಚಲಾಗಿತ್ತು. ದೋಣಿಗೆ ಸಾಮಗ್ರಿಯನ್ನು ತುಂಬಿ ಹಡಗಿನ ಬಳಿಗೆ ಸಾಗಿಸುವ ವೇಳೆಗೆ ಸುಮಾರು 14 ಗಂಟೆಗಳು ಕಳೆದಿದ್ದವು. ಮೊದಲ ಮೂರು ದಿನ ಕಡಲು ಬಹುಮಟ್ಟಿಗೆ ಶಾಂತವಾಗಿತ್ತು. ತೈಲವನ್ನು ಒಂದೆಡೆ ತಡೆದು ಬಾಚಿಕೊಳ್ಳಲು ಅದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಬರಲಿಲ್ಲ. ಅನಂತರ ಬಿರುಗಾಳಿ ಎದ್ದಿತು. ತೈಲವು ದ್ವೀಪದಿಂದ ದ್ವೀಪಕ್ಕೆ ಹರಡಿ, ಕಡೆಗೆ ಸುಮಾರು 2,100 ಕಿಲೋಮೀಟರ್ ಉದ್ದದ ತೀರವನ್ನು ಮಲಿನಗೊಳಿಸಿತು. ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ಬಲ್ಲವರಿಗೆ ಈ ಸಂಗತಿಯನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಬಾವಿಯೇನೋ ಇತ್ತು. ಹಗ್ಗ ಮತ್ತು ಕೊಡ ಎಲ್ಲಿವೆಯೆಂದು ಹುಡುಕುವುದರಲ್ಲಿ ಮನೆ ಉರಿದುಹೋಯಿತು.

ಆ ದಿನಗಳಲ್ಲಿ ಕಾರ್ಡೋವ ಎಂಬ ಊರಿನ ಬೆಸ್ತರು ತೋರಿದ ಧೈರ್ಯ ಸ್ಮರಣೀಯವಾದುದು. ತೈಲವು ಸಾಮಿಲ್ ಎಂಬ ಚಿಕ್ಕ ಖಾರಿಯತ್ತ ಸಾಗಿಬರುತ್ತಿತ್ತು. ಅಲ್ಲಿ ಸಾಲ್ಮನ್ ಮೀನುಮರಿಗಳನ್ನು ಬೆಳೆಸುವ ಕೇಂದ್ರವಿತ್ತು. ಬೆಸ್ತರು ತಮ್ಮ ದೋಣಿಗಳನ್ನು ತೆಗೆದುಕೊಂಡು ಹೋಗಿ, ಖಾರಿಯ ಬಾಯಿಗೆ ತೇಲುವ ಬೇಲಿಗಳನ್ನು ಎಳೆದು ಕಟ್ಟಿದರು. ಬೇಲಿಯ ಬಳಿ ಶೇಖರವಾದ ತೈಲವನ್ನು ಬಕೆಟ್ಟುಗಳಿಂದ ಮೊಗೆದು ತೆಗೆದರು. ಮೀನುಮರಿಗಳು ಉಳಿದುಕೊಂಡವು. ಆದರೆ ಇಡೀ ಕೊಲ್ಲಿಯನ್ನು ಕಾಯಲು ಬಕೆಟ್ಟುಗಳು ಸಾಲವು. ಸುಮಾರು ಎರಡೂವರೆ ಲಕ್ಷ ಕಡಲಹಕ್ಕಿಗಳೂ 2,800 ಕಡಲ ನೀರುನಾಯಿಗಳೂ ಸತ್ತವೆಂದು ಅಂದಾಜು ಮಾಡಲಾಯಿತು. ದಶಕಗಳು ಕಳೆದ ಮೇಲೆಯೂ ಕೆಲವು ದಡಗಳಲ್ಲಿ ಜಲ್ಲಿಯನ್ನು ಅಗೆದರೆ ಕೆಳಗೆ ತೈಲವೇ ಕಂಡಿತು.

ಈ ದುರಂತದಿಂದ ಕಲಿತ ಪಾಠವನ್ನು ಅಮೆರಿಕವು 1990ರಲ್ಲಿ ಶಾಸನವಾಗಿಸಿತು. ತೈಲದ ಹಡಗುಗಳಿಗೆ ಒಂದರೊಳಗೊಂದು ಎರಡು ಕವಚಗಳಿರಬೇಕೆಂದೂ ತೈಲವನ್ನು ನಿರ್ವಹಿಸುವ ಸಂಸ್ಥೆಗಳು ಸೋರಿಕೆಯನ್ನು ಎದುರಿಸುವ ಸಿದ್ಧತೆಯನ್ನು ಬರೆದಿಡುವುದಲ್ಲದೆ ಅಭ್ಯಾಸವನ್ನೂ ಮಾಡಬೇಕೆಂದೂ ವಿಧಿಸಲಾಯಿತು. ತೈಲ ತುಂಬಿ ಹೊರಡುವ ಹಡಗಿನ ಜೊತೆಗೆ ಎರಡು ಬಲವಾದ ಬೆಂಗಾವಲು ನೌಕೆಗಳು ಕೊಲ್ಲಿಯನ್ನು ದಾಟಿಸುವ ಏರ್ಪಾಡು ಬಂದಿತು. ಇವೆಲ್ಲಕ್ಕಿಂತ ಮನಸ್ಸನ್ನು ಸೆಳೆಯುವ ಏರ್ಪಾಡು ಮತ್ತೊಂದಿದೆ. ಅಂದು ಬಕೆಟ್ಟು ಹಿಡಿದ ಬೆಸ್ತರ ಸಮುದಾಯದ ನೂರಾರು ದೋಣಿಗಳೊಡನೆ ಒಪ್ಪಂದ ಮಾಡಿಕೊಂಡು, ದೋಣಿಯವರಿಗೆ ಪ್ರತಿವರ್ಷವೂ ತರಬೇತಿಯನ್ನು ಕೊಡಲಾಗುತ್ತಿದೆ. ತೇಲುವ ಬೇಲಿಯನ್ನು ಬಿಚ್ಚುವುದು, ಎರಡು ದೋಣಿಗಳ ನಡುವೆ ಅದನ್ನು ಎಳೆಯುವುದು, ಬಾಚುವ ಯಂತ್ರವನ್ನು ನಡೆಸುವುದು ಇವುಗಳನ್ನು ಅವರು ತಣ್ಣನೆಯ ಕಡಲಿನಲ್ಲಿಯೇ ಮಾಡಿ ಕಲಿಯುತ್ತಾರೆ. ಅಂದು ಧೈರ್ಯವೊಂದೇ ಇದ್ದ ಕೈಗಳಿಗೆ ಇಂದು ಪಳಗಿಕೆಯೂ ಸೇರಿದೆ.

ಕಡಲಿನಲ್ಲಿ ನಿಜವಾದುದು ಚಿಕ್ಕ ಕಾರ್ಯಾಗಾರದಲ್ಲಿಯೂ ನಿಜ. ವಾಹನಗಳನ್ನು ದುರಸ್ತಿ ಮಾಡುವ ಒಂದು ಸ್ಥಳವನ್ನು ಕಲ್ಪಿಸಿಕೊಳ್ಳಬಹುದು. ಎಂಜಿನ್ ಎಣ್ಣೆಯ 200 ಲೀಟರಿನ ಪೀಪಾಯಿಯೊಂದು ಜಾರಿ ಬಿದ್ದು ಸೋರತೊಡಗಿದೆ. ತರಬೇತಿಯಿಲ್ಲದವನು ಮೊದಲು ಗಾಬರಿಯಾಗುತ್ತಾನೆ. ಬಳಿಕ ಯಾರಾದರೂ ಬೈದಾರೆಂದು ಹೆದರಿ, ಕೊಳಾಯಿಯ ನೀರನ್ನು ಬಿಟ್ಟು ಎಣ್ಣೆಯನ್ನು ತೊಳೆಯಲು ಹೊರಡುತ್ತಾನೆ. ನೆಲವು ಚೊಕ್ಕಟವಾದಂತೆ ಕಾಣುತ್ತದೆ. ಆದರೆ ಎಣ್ಣೆ ನಾಶವಾಗಲಿಲ್ಲ. ಚರಂಡಿಗೆ ಇಳಿಯಿತು, ಅಲ್ಲಿಂದ ಕೆರೆಗೆ ಸೇರಿತು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಕಾಯಿತು.

ತರಬೇತಿಯನ್ನು ಪಡೆದವನ ನಡತೆಯೇ ಬೇರೆ. ಅವನು ಮೊದಲು ಸುತ್ತಲಿನವರನ್ನು ಕೂಗಿ ಎಚ್ಚರಿಸುತ್ತಾನೆ. ಚೆಲ್ಲಿದುದು ಯಾವ ತೈಲವೆಂಬುದನ್ನು ಗಮನಿಸುತ್ತಾನೆ. ಅದು ಪೆಟ್ರೋಲಿನಂತೆ ಬೇಗ ಆವಿಯಾಗಿ ಹೊತ್ತಿಕೊಳ್ಳುವಂಥದಾದರೆ, ಬೆಂಕಿಯ ಕಿಡಿಗೆ ಆಸ್ಪದ ಕೊಡದೆ, ವಿದ್ಯುತ್ ಗುಂಡಿಗಳನ್ನು ಮುಟ್ಟದೆ, ಎಲ್ಲರನ್ನೂ ದೂರ ಕಳುಹಿಸಿ, ಅದನ್ನು ನಿಭಾಯಿಸಲು ಬಲ್ಲವರನ್ನು ಕರೆಯುತ್ತಾನೆ. ಅಪಾಯವಿಲ್ಲದ ಎಣ್ಣೆಯಾದರೆ ಕೈಗವಸು ತೊಟ್ಟು, ಪೀಪಾಯಿಯ ತೂತು ಮೇಲಾಗುವಂತೆ ಹೊರಳಿಸಿ ಸೋರಿಕೆಯನ್ನು ನಿಲ್ಲಿಸುತ್ತಾನೆ. ಚರಂಡಿಯ ಬಾಯಿಗೆ ಮರಳಿನ ಒಡ್ಡು ಹಾಕುತ್ತಾನೆ. ಹರಡಿದ ಎಣ್ಣೆಯ ಅಂಚಿನಿಂದ ನಡುವಿನ ಕಡೆಗೆ ಮರಳನ್ನೋ ಮರದ ಹೊಟ್ಟನ್ನೋ ಸುರಿದು, ಅದು ಹೀರಿಕೊಂಡ ಮೇಲೆ ಗೋರಿ, ಮುಚ್ಚಳವಿರುವ ಪಾತ್ರೆಗೆ ತುಂಬಿ ಬೇರೆಯಾಗಿ ಇಡುತ್ತಾನೆ. ಕೊನೆಗೆ ನಡೆದುದನ್ನು ನಡೆದಂತೆ ಬರೆಯಿಸುತ್ತಾನೆ. ಇವುಗಳಲ್ಲಿ ಯಾವುದೂ ಕಷ್ಟದ ವಿದ್ಯೆಯಲ್ಲ. ಆದರೆ ಗಾಬರಿಯ ಗಳಿಗೆಯಲ್ಲಿ ಮನಸ್ಸಿಗೆ ಹೊಳೆಯದ ಕ್ರಮವು ಕೈಗೆ ಅಭ್ಯಾಸವಾಗಿದ್ದರೆ ತಾನಾಗಿಯೇ ಬರುತ್ತದೆ.

ಇದಕ್ಕಿಂತಲೂ ಮೇಲಾದ ತರಬೇತಿ ಪೀಪಾಯಿ ಬೀಳದಂತೆ ನೋಡಿಕೊಳ್ಳುವುದು. ತೈಲದ ತೊಟ್ಟಿಯ ಸುತ್ತ ಕಟ್ಟೆ ಕಟ್ಟಿ, ತೊಟ್ಟಿ ಒಡೆದರೂ ಅದರ ತೈಲವೆಲ್ಲ ಒಳಗೆಯೇ ನಿಲ್ಲುವಂತೆ ಮಾಡುವುದು, ಸವೆದ ಕೊಳವೆಯನ್ನು ಸೋರುವ ಮುನ್ನವೇ ಬದಲಿಸುವುದು, ತೈಲ ತುಂಬುತ್ತಿರುವಾಗ ಆ ಸ್ಥಳವನ್ನು ಬಿಟ್ಟು ಹೋಗದಿರುವುದು, ದಣಿದವನಿಗೆ ವಿಶ್ರಾಂತಿಯನ್ನು ಕೊಟ್ಟು ಬೇರೊಬ್ಬನನ್ನು ನಿಲ್ಲಿಸುವುದು ಇವೆಲ್ಲ ಆ ತರಬೇತಿಯ ಅಂಗಗಳು. ನೆಲದ ಮೇಲಿನ ತೈಲಸಂಗ್ರಹ ಸ್ಥಳಗಳಿಗಾಗಿ ಅಮೆರಿಕವು 1973ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ತೈಲವನ್ನು ನಿರ್ವಹಿಸುವವರ ತರಬೇತಿಗೂ ಸ್ಥಾನವಿದೆ. ಈಗ ಜಾರಿಯಲ್ಲಿರುವ ರೂಪದಲ್ಲಿ ಅವು, ಕೆಲಸಗಾರರನ್ನು ವರ್ಷಕ್ಕೊಮ್ಮೆಯಾದರೂ ಸೇರಿಸಿ, ಹಿಂದೆ ನಡೆದ ಸೋರಿಕೆಗಳನ್ನೂ ಕೆಟ್ಟ ಉಪಕರಣಗಳನ್ನೂ ಅವರ ಮುಂದೆ ವಿವರಿಸಬೇಕೆಂದು ಹೇಳುತ್ತವೆ. ತಪ್ಪನ್ನು ಮುಚ್ಚಿಡುವ ಕಡೆ ಅದು ಮತ್ತೆ ಹುಟ್ಟುತ್ತದೆ. ಬಿಚ್ಚಿ ಹೇಳುವ ಕಡೆ ಅದೇ ಪಾಠವಾಗುತ್ತದೆ ಎಂಬುದು ಇದರ ತಿರುಳು.

ಭಾರತವೂ ಈ ಪಾಠದಿಂದ ಹೊರತಾಗಿಲ್ಲ. ಕಡಲಿನ ತೈಲ ಸೋರಿಕೆಯನ್ನು ಎದುರಿಸುವ ರಾಷ್ಟ್ರೀಯ ಯೋಜನೆಯೊಂದು 1996ರಿಂದ ಜಾರಿಯಲ್ಲಿದೆ. ಅದರ ಹೊಣೆಯನ್ನು ಹೊತ್ತ ಭಾರತೀಯ ಕರಾವಳಿ ರಕ್ಷಣಾ ಪಡೆಯು ಬಂದರುಗಳನ್ನೂ ತೈಲ ಸಂಸ್ಥೆಗಳನ್ನೂ ಸೇರಿಸಿಕೊಂಡು ಅಣಕು ಕಾರ್ಯಾಚರಣೆಗಳನ್ನು ನಡೆಸುತ್ತದೆ. ಹೀಗಿದ್ದರೂ 2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಡಿಕ್ಕಿ ಹೊಡೆದು, ದಡಕ್ಕೆ ಬಂದು ಸೇರಿದ ಮಂದವಾದ ತೈಲವನ್ನು ಬೆಸ್ತರೂ ವಿದ್ಯಾರ್ಥಿಗಳೂ ಬಕೆಟ್ಟುಗಳಿಂದಲೇ ಎತ್ತಬೇಕಾಯಿತು. ಅಲಾಸ್ಕಾದ ಬಕೆಟ್ಟು 28 ವರ್ಷಗಳ ಅನಂತರ ಬಂಗಾಳ ಕೊಲ್ಲಿಯಲ್ಲಿ ಮತ್ತೆ ಕಾಣಿಸಿಕೊಂಡಿತು. ಕರ್ನಾಟಕದ ಕಡಲತೀರಕ್ಕೂ ಇದು ದೂರದ ಮಾತಲ್ಲ. ಮಂಗಳೂರಿನ ತೈಲ ಶುದ್ಧೀಕರಣ ಕೇಂದ್ರಕ್ಕೆ ಬೇಕಾದ ಕಚ್ಚಾ ತೈಲ ಕಡಲಿನ ಮಾರ್ಗದಲ್ಲಿಯೇ ಬರುತ್ತದೆ. ಅದೇ ಕಡಲಿನಲ್ಲಿ ಬಲೆ ಬೀಸಿ ಬದುಕುವ ಕುಟುಂಬಗಳು ಅನೇಕ.

ಬಕೆಟ್ಟು ಹಿಡಿದ ಕೈ ವಂದನೀಯವಾದುದು. ಆದರೆ ಬಕೆಟ್ಟು ಬೇಕಾಗದಂತೆ ಕವಾಟವನ್ನು ಸಕಾಲದಲ್ಲಿ ಮುಚ್ಚಿದ ಕೈಯನ್ನು ಯಾರೂ ಕಾಣುವುದಿಲ್ಲ. ಅದಕ್ಕೆ ಹೊಗಳಿಕೆಯಿಲ್ಲ, ಸುದ್ದಿಯಿಲ್ಲ. ಕಡಲು ಎಂದಿನಂತೆ ತಿಳಿಯಾಗಿರುತ್ತದೆ, ಬಲೆಗೆ ಮೀನು ಬೀಳುತ್ತದೆ, ಕೆರೆಯ ನೀರನ್ನು ದನಗಳು ಕುಡಿಯುತ್ತವೆ. ಪಳಗಿದ ಕೈಗಳಿಗೆ ಸಲ್ಲುವ ಸಂಭಾವನೆ ಅದೇ.