ಕಳ್ಳನ ಪಾತ್ರಕ್ಕೆ ಎರಡು ಕವಲು

ಶಂಕರನಾರಾಯಣದ ಆಸುಪಾಸಿನಲ್ಲಿ ಬಡಗುತಿಟ್ಟಿನ ಯಕ್ಷಗಾನವನ್ನು ನೋಡಿದವರಿಗೆ ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯ ಎಂಬ ಪಾತ್ರವಿಭಾಗಗಳು ಪರಿಚಿತವೇ. ಮೇಜಿನ ಸುತ್ತ ಕುಳಿತು ಮಾತಿನಲ್ಲಿಯೇ ಕಥೆ ಕಟ್ಟುವ ಆಟಗಳಲ್ಲಿಯೂ ಇಂತಹ ವಿಭಾಗಗಳುಂಟು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟಕ್ಕೆ ಮರುವರ್ಷವೇ ಕಳ್ಳನ ಪಾತ್ರವೂ ಸೇರಿತು. ಅವನ ಸೋಲುಗೆಲುವನ್ನು ನಿರ್ಣಯಿಸುವುದು ದಾಳ.

ಕಳ್ಳರೆಲ್ಲ ಒಂದೇ ಬಗೆಯವರಾದರೆ ಆಟ ಸಪ್ಪೆ. ಆದುದರಿಂದ ಒಬ್ಬನನ್ನು ಬೀಗ ತೆರೆಯುವುದರಲ್ಲಿ, ಇನ್ನೊಬ್ಬನನ್ನು ಮರೆಯಲ್ಲಿ ಸುಳಿಯುವುದರಲ್ಲಿ ನಿಪುಣನನ್ನಾಗಿಸೋಣ. ಇಪ್ಪತ್ತು ಮುಖಗಳ ದಾಳದಲ್ಲಿ ಬಿದ್ದ ಅಂಕೆಗೆ ಮೊದಲನೆಯವನು 5 ಕೂಡಿಸಲಿ. ಎರಡನೆಯವನು ಎರಡು ದಾಳಗಳನ್ನೆಸೆದು ದೊಡ್ಡ ಅಂಕೆಯನ್ನು ಆರಿಸಲಿ. ಗೆಲ್ಲಲು 11 ಬೇಕಾದಾಗ ಸಾಮಾನ್ಯನಿಗೆ ಶೇಕಡ 50 ಅವಕಾಶ, ಇವರಿಬ್ಬರಿಗೂ 75. ಸಮವೆಂದು ತೋರುತ್ತದೆ, ಅಲ್ಲವೆ? ಗಟ್ಟಿ ಬೀಗ, ಎಚ್ಚರದ ಕಾವಲು ಎದುರಾಗಿ 19 ಬೇಕಾದಾಗ ನೋಡಿರಿ. ಮೊದಲನೆಯವನಿಗೆ 14 ಬಿದ್ದರೆ ಸಾಕು. ಅವಕಾಶ ಶೇಕಡ 35. ಎರಡನೆಯವನ ಎರಡು ದಾಳಗಳೂ 18ನ್ನು ಮೀರದಿದ್ದರೆ ಅವನು ಸೋಲುತ್ತಾನೆ. 18/20ರ ವರ್ಗವೆಂದರೆ ಶೇಕಡ 81. ಗೆಲುವಿಗೆ ಉಳಿದದ್ದು 19 ಮಾತ್ರ. ಸುಲಭದ ಕಡೆಗೆ ಸರಿದರೂ ಅವನು ಎಂದೂ ಮುಂದಾಗುವುದಿಲ್ಲ.

ಈ ಕವಲನ್ನು ಆರಿಸಿದ ಆಟಗಾರನಿಗೆ ಅನ್ಯಾಯವಾಗಬಾರದಷ್ಟೆ. ಆದರೆ ಅಂಕೆಯನ್ನು ಹೆಚ್ಚಿಸಿದರೆ 11ರ ಬಳಿಯ ಸಮತೆ ಕೆಡುತ್ತದೆ. ಸೋತರೂ ಕಾವಲುಗಾರನ ಕಣ್ಣಿಗೆ ಬೀಳದೆ ಹಿಂದೆ ಸರಿಯುವ ಅನುಕೂಲವನ್ನು ಅವನಿಗೆ ಕೊಡುವುದೇ ಯುಕ್ತವೆಂದು ನಮಗೆ ತೋರುತ್ತದೆ.