ಬಿಸಿಲು ಮತ್ತು ರಕ್ತದ ಮಾದರಿ

ಚಾಮರಾಜನಗರದ ಸಮೀಪದಲ್ಲಿರುವ ಹರದನಹಳ್ಳಿಯು ದಿವ್ಯಲಿಂಗೇಶ್ವರ ದೇವಾಲಯದಿಂದ ಹೆಸರಾದ ಊರು. ಅರಿಶಿನ ಬೆಳೆಯುವ ಸೀಮೆ ಅದು. ಬಟ್ಟೆಗೆ ಅಂಟಿದ ಅರಿಶಿನದ ಕಲೆ ಎಷ್ಟು ಉಜ್ಜಿದರೂ ಬಿಡುವುದಿಲ್ಲ. ಅದೇ ಬಟ್ಟೆಯನ್ನು ಬಿಸಿಲಿಗೆ ಹರವಿದರೆ ಕಲೆ ತಾನಾಗಿ ಮಾಸುತ್ತದೆ. ಅಲ್ಲಿನ ಗೃಹಿಣಿಯರಿಗೆ ಇದು ಹೊಸ ಸಂಗತಿಯಲ್ಲ. ಮನುಷ್ಯನ ರಕ್ತದಲ್ಲಿಯೂ ಬೆಳಕಿಗೆ ಹೀಗೆ ಮಾಸುವ ಹಳದಿ ವಸ್ತುವೊಂದುಂಟು. ಅದೇ ಬಿಲಿರುಬಿನ್.

ಕೆಂಪು ರಕ್ತಕಣಗಳು ಸುಮಾರು 120 ದಿನ ಬಾಳಿ ಅಳಿಯುತ್ತವೆ. ಆಗ ಅವುಗಳೊಳಗಿನ ಹಿಮೋಗ್ಲೋಬಿನ್ ಒಡೆದು ಬಿಲಿರುಬಿನ್ ಉಂಟಾಗುತ್ತದೆ. ಅದನ್ನು ಪಿತ್ತರಸದೊಡನೆ ಹೊರಗೆ ಸಾಗಿಸುವುದು ಯಕೃತ್ತಿನ ಕೆಲಸ. ಆಗತಾನೆ ಹುಟ್ಟಿದ ಶಿಶುವಿನ ಯಕೃತ್ತು ಈ ಕೆಲಸಕ್ಕೆ ಇನ್ನೂ ಪಳಗಿರುವುದಿಲ್ಲವಾದುದರಿಂದ ಅನೇಕ ಕೂಸುಗಳಿಗೆ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಬಹುಮಟ್ಟಿಗೆ ಅದು ತಾನೇ ಇಳಿಯುತ್ತದೆ. ಆದರೆ ಮಿತಿಮೀರಿ ಏರಿದರೆ ಮೆದುಳಿಗೆ ಎಂದೂ ಸರಿಪಡಿಸಲಾಗದ ಹಾನಿಯಾಗಬಹುದು. ಆದುದರಿಂದಲೇ ರಕ್ತಪರೀಕ್ಷೆಯ ಅಂಕಿ ಇಲ್ಲಿ ಕೂಸಿನ ಬಾಳುವೆಯ ಪ್ರಶ್ನೆ.

1956ರ ಬೇಸಗೆಯಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ದಾದಿ, ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ಎಳೆಬಿಸಿಲಿಗೆ ಕರೆದೊಯ್ಯುತ್ತಿದ್ದಳು. ಅಂಥ ಒಂದು ಕೂಸಿನ ಮೈಯ ಹಳದಿ ಮಾಸಿರುವುದನ್ನೂ, ಹೊದಿಕೆಯ ತುದಿ ಮುಚ್ಚಿದ್ದ ತ್ರಿಕೋನಾಕಾರದ ಭಾಗ ಮಾತ್ರ ಕಡುಹಳದಿಯಾಗಿ ಉಳಿದಿರುವುದನ್ನೂ ಆಕೆ ವೈದ್ಯರಿಗೆ ತೋರಿಸಿದಳು. ಆ ಭಾಗಕ್ಕೆ ಯಾವುದೋ ಔಷಧಿಯನ್ನು ಬಳಿದಿರಬೇಕೆಂದು ವೈದ್ಯರು ಭಾವಿಸಿದರಂತೆ! ಕೆಲವು ವಾರಗಳ ಬಳಿಕ ಕಾಮಾಲೆ ಬಲಿತಿದ್ದ ಮತ್ತೊಂದು ಕೂಸಿನ ರಕ್ತ ಪರೀಕ್ಷೆಗೆ ಹೋಯಿತು. ಬಿಲಿರುಬಿನ್ ನಿರೀಕ್ಷೆಗಿಂತ ಬಹಳ ಕಡಿಮೆಯೆಂದು ಉತ್ತರ ಬಂದಿತು. ಸಂಶಯಗೊಂಡು ಹೊಸದಾಗಿ ರಕ್ತ ತೆಗೆದು ನೋಡಿದಾಗ ಅದು ಅಪಾಯಕರವಾಗಿ ಹೆಚ್ಚಿತ್ತು. ಮೊದಲಿನ ಪ್ರನಾಳವು ಕಿಟಕಿಯ ಬಳಿ ಬಿಸಿಲಿನಲ್ಲಿ ಉಳಿದುಬಿಟ್ಟಿತ್ತು. ರಿಚರ್ಡ್ ಕ್ರೆಮರ್ ಮತ್ತು ಸಂಗಡಿಗರು ಈ ಎರಡು ಸಂಗತಿಗಳನ್ನೂ ಜೋಡಿಸಿ ಪ್ರಯೋಗ ನಡೆಸಿ, 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಳಕಿನ ಚಿಕಿತ್ಸೆ ಹುಟ್ಟಿದ್ದು ಹೀಗೆ.

ಬಿಲಿರುಬಿನ್ನಿಗೆ ನೀಲಿ ಬೆಳಕನ್ನು ಹೀರುವ ಗುಣವಿದೆ. ಹೀರಿದಾಗ ಅದರ ಅಣುವಿನ ಆಕಾರವೇ ಬದಲಾಗುತ್ತದೆ. ಮೈಯೊಳಗಾದರೆ ಈ ಬದಲಾದ ಅಣುಗಳು ಸುಲಭವಾಗಿ ಹೊರಬೀಳುತ್ತವೆ, ಅದು ಉಪಕಾರ. ಪ್ರನಾಳದೊಳಗಾದರೆ ಅಳತೆ ಸುಳ್ಳಾಗುತ್ತದೆ. ನೇರ ಬಿಸಿಲಿನಲ್ಲಿ ಒಂದು ಗಂಟೆಯೊಳಗೆ ಅರ್ಧದಷ್ಟು ಇಳಿದುಹೋಗುವುದೂ ಉಂಟು. ಗಾಜು ಇದಕ್ಕೆ ತಡೆಯಲ್ಲ. ಎ ಜೀವಸತ್ವವೂ ಬೆಳಕಿಗೆ ಕೆಡುವಂಥದೇ.

ಹಳ್ಳಿಯಲ್ಲಿ ತೆಗೆದ ರಕ್ತ ಪಟ್ಟಣದ ಪ್ರಯೋಗಾಲಯಕ್ಕೆ ಸಾಗಬೇಕಾದಾಗ ಈ ತಿಳಿವಳಿಕೆ ಬೆಲೆಯುಳ್ಳದ್ದು. ಕಂದು ಬಣ್ಣದ ಪ್ರನಾಳವಿದ್ದರೆ ಒಳ್ಳೆಯದು; ಇಲ್ಲವಾದರೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೂ ಸಾಕು. ಹೆಚ್ಚು ಖರ್ಚಿನ ಮಾತಲ್ಲ. ಕೂಸನ್ನು ಬಿಸಿಲಿಗೆ ಹಿಡಿದರೆ ಸಾಕು, ಆಸ್ಪತ್ರೆ ಬೇಡವೆಂದು ಕೆಲವರು ಹೇಳುವುದುಂಟು. ಅದು ಅಪಾಯದ ಮಾತು. ಬಿಸಿಲಿಗೆ ಅಳತೆಯಿಲ್ಲ, ಎಳೆಯ ಚರ್ಮ ಸುಡುತ್ತದೆ. ಆಸ್ಪತ್ರೆಯ ನೀಲಿ ದೀಪಕ್ಕೆ ಅಳತೆಯುಂಟು. ಅಲ್ಲಿ ಕೂಸಿನ ಕಣ್ಣಿಗೆ ಪಟ್ಟಿ ಕಟ್ಟಿ ದೀಪದಡಿ ಮಲಗಿಸುತ್ತಾರೆ. ರಕ್ತ ತೆಗೆಯುವಷ್ಟು ಹೊತ್ತು ದೀಪವನ್ನು ಆರಿಸುತ್ತಾರೆ. ಪ್ರನಾಳವನ್ನು ಮುಚ್ಚಿಟ್ಟ ಮೇಲೆ ಮತ್ತೆ ಹೊತ್ತಿಸುತ್ತಾರೆ.