ಜಾಲತಾಣದಲ್ಲಿ ಕ್ಯಾಶ್ ನಿರ್ವಹಣೆ: ವೇಗವೂ ಬೇಕು, ಸರಿಯಾದ ದರವೂ ಬೇಕು

ದರಪಟ್ಟಿಯನ್ನು ಅಂತರಜಾಲ ತಾಣದಲ್ಲಿ ಪ್ರಕಟಿಸಿ, ಅಲ್ಲಿಯೇ ಬೇಡಿಕೆ ಸ್ವೀಕರಿಸುವ ವ್ಯಾಪಾರಸ್ಥರು ಕ್ಯಾಶ್ ಎಂಬ ವ್ಯವಸ್ಥೆಯನ್ನು ಅರಿತಿರುವುದು ಅವಶ್ಯಕ. ಇದು ನಗದು ಹಣವಲ್ಲ. ಒಮ್ಮೆ ಸಿದ್ಧಪಡಿಸಿದ ಉತ್ತರದ ತಾತ್ಕಾಲಿಕ ಸಂಗ್ರಹ. ಪ್ರತಿ ಗ್ರಾಹಕನಿಗಾಗಿ ಲೆಡ್ಜರ್ ತೆರೆಯುವ ಬದಲು ಗಲ್ಲಾಪೆಟ್ಟಿಗೆಯ ಬಳಿ ಅಂಟಿಸಿದ ದರಚೀಟಿಯನ್ನು ನೋಡಿ ಬೆಲೆ ಹೇಳುವಂತೆಯೇ ಇದರ ಕಾರ್ಯ. ಚೀಟಿಯಿಂದ ಕೆಲಸ ಬೇಗ ಸಾಗುತ್ತದೆ. ಆದರೆ ದರ ಬದಲಾದಾಗ ಚೀಟಿಯನ್ನು ಬದಲಿಸದಿದ್ದರೆ ಅಂಗಡಿಯು ಹಳೆಯ ಬೆಲೆಯನ್ನೇ ಹೇಳುತ್ತಿರುತ್ತದೆ.

ಹಳೆಯ ದರದ ಅಪಾಯ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಪರಿಷ್ಕೃತಗೊಂಡು, ಶೇ. 12ರ ತೆರಿಗೆಯಿದ್ದ ಅನೇಕ ಸರಕುಗಳು ಶೇ. 5ಕ್ಕೆ ಇಳಿದವು. ಅಂತಹ ಸರಕೊಂದರ ಮೂಲ ಬೆಲೆ 1,000 ರೂ. ಎಂದಿಟ್ಟುಕೊಂಡರೆ, ತೆರಿಗೆ ಸೇರಿ 1,120 ರೂ. ಇದ್ದದ್ದು 1,050 ರೂ. ಆಗಬೇಕು. ಕ್ಯಾಶ್ ಅವಧಿಯು 24 ಗಂಟೆಯಾಗಿದ್ದು, ಪುಟವು 21ರ ರಾತ್ರಿ 9ಕ್ಕೆ ಸಂಗ್ರಹವಾಗಿದ್ದರೆ, ದತ್ತಸಂಚಯದಲ್ಲಿ ದರ ತಿದ್ದಿದ್ದರೂ 22ರ ರಾತ್ರಿ 9ರವರೆಗೆ ಗ್ರಾಹಕನಿಗೆ ಕಾಣುವುದು 1,120 ರೂ. ಮಾತ್ರ. ಬೆಲೆ ಏರಿದ ಸಂದರ್ಭದಲ್ಲಿ ಇದೇ ದೋಷವು ಮಾರಾಟಗಾರನಿಗೆ ನೇರ ನಷ್ಟ ತರುತ್ತದೆ.

ಸಂಗ್ರಹ ಎಲ್ಲಿ?

ಜಾಲತಾಣ ನಿರ್ಮಾಣಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ, 2005ರಲ್ಲಿ ಬಿಡುಗಡೆಯಾದ ಜಾಂಗೋ ಎಂಬ ಉಚಿತ ತಂತ್ರಾಂಶ ಚೌಕಟ್ಟನ್ನು ಉದಾಹರಣೆಯಾಗಿ ಪರಿಶೀಲಿಸಬಹುದು. ಸಂಗ್ರಹದ ಸ್ಥಳವನ್ನು ಇದರಲ್ಲಿ ಬ್ಯಾಕೆಂಡ್ ಎನ್ನುತ್ತಾರೆ.

1. ಸ್ಥಳೀಯ ಸ್ಮೃತಿ: ಬೇರೇನನ್ನೂ ಸೂಚಿಸದಿದ್ದರೆ ದೊರೆಯುವುದು ಇದೇ. ಸರ್ವರ್‌ನಲ್ಲಿ ನಾಲ್ಕು ಪ್ರಕ್ರಿಯೆಗಳು ನಡೆಯುತ್ತಿದ್ದರೆ ನಾಲ್ಕಕ್ಕೂ ಪ್ರತ್ಯೇಕ ಸಂಗ್ರಹವಿರುತ್ತದೆ. ಒಂದರಲ್ಲಿ ಅಳಿಸಿದ ದರ ಉಳಿದ ಮೂರರಲ್ಲಿ ಹಾಗೆಯೇ ಉಳಿಯುವುದರಿಂದ, ಒಂದೇ ಪುಟವು ಒಮ್ಮೆ ಹೊಸ ದರವನ್ನೂ ಮತ್ತೊಮ್ಮೆ ಹಳೆಯ ದರವನ್ನೂ ತೋರಿಸಬಹುದು.

2. ಕಡತ ಮತ್ತು ದತ್ತಸಂಚಯ: ಪ್ರತ್ಯೇಕ ತಂತ್ರಾಂಶದ ಅಗತ್ಯವಿಲ್ಲ. ಆದರೆ ಕಡತಗಳ ಸಂಖ್ಯೆ ಹೆಚ್ಚಿದಂತೆ ವೇಗ ಕುಗ್ಗುತ್ತದೆ. ದತ್ತಸಂಚಯವನ್ನು ಬಳಸಿದರೆ ಅದರ ಮೇಲಿನ ಹೊರೆ ಪೂರ್ಣವಾಗಿ ಇಳಿಯದು.

3. ಮೆಮ್‌ಕ್ಯಾಶ್ಡ್ ಮತ್ತು ರೆಡಿಸ್: ಎಲ್ಲ ಪ್ರಕ್ರಿಯೆಗಳಿಗೂ ಸಮಾನವಾದ ಒಂದೇ ಸಂಗ್ರಹ. ಮೆಮ್‌ಕ್ಯಾಶ್ಡ್ 2003ರಲ್ಲಿ ರೂಪುಗೊಂಡಿತು. ರೆಡಿಸ್‌ಗೆ ಜಾಂಗೋದ 4.0 ಆವೃತ್ತಿಯಿಂದ, ಅಂದರೆ 2021ರಿಂದ, ನೇರ ಬೆಂಬಲವಿದೆ. ದರ ಆಗಾಗ ಬದಲಾಗುವ ವ್ಯಾಪಾರಕ್ಕೆ ಇವೇ ಸೂಕ್ತ.

ಅವಧಿ ಮತ್ತು ತೆರವು

ಜಾಂಗೋದಲ್ಲಿ ಪೂರ್ವನಿಗದಿತ ಅವಧಿ 300 ಸೆಕೆಂಡು, ಅಂದರೆ ಐದು ನಿಮಿಷ. ಸಂಸ್ಥೆಯ ಪರಿಚಯ ಪುಟಕ್ಕೆ ಒಂದು ದಿನವೂ ಸರಿಯೇ. ದರ ಮತ್ತು ದಾಸ್ತಾನಿಗೆ ಅದು ಸಲ್ಲದು. ದರ ತಿದ್ದಿದ ಕೂಡಲೇ ಆ ವಸ್ತುವಿನ ಸಂಗ್ರಹ ಮಾತ್ರ ತಾನಾಗಿ ಅಳಿಯುವಂತೆ ವ್ಯವಸ್ಥೆ ಮಾಡಿಸುವುದು ಉತ್ತಮ ಮಾರ್ಗ. ಇಡೀ ಕ್ಯಾಶ್ ತೆರವುಗೊಳಿಸಿದರೆ ಅದೇ ಸಂಗ್ರಹವನ್ನು ಹಂಚಿಕೊಂಡಿರುವ ಇತರ ತಾಣಗಳ ಮಾಹಿತಿಯೂ ಅಳಿಯಬಹುದು; ಎಲ್ಲ ಪುಟಗಳನ್ನೂ ಮತ್ತೆ ಸಿದ್ಧಪಡಿಸಬೇಕಾಗಿ ಸರ್ವರ್‌ನ ಮೇಲೆ ಹಠಾತ್ ಒತ್ತಡವೂ ಬೀಳುತ್ತದೆ.

ಇಡೀ ಪುಟವನ್ನು ಕ್ಯಾಶ್ ಮಾಡಿದಾಗ ಗ್ರಾಹಕನ ಬ್ರೌಸರ್ ಕೂಡ ಪ್ರತಿಯೊಂದನ್ನು ಅದೇ ಅವಧಿಗೆ ಇಟ್ಟುಕೊಳ್ಳಬಹುದು. ಸರ್ವರ್‌ನಲ್ಲಿ ತೆರವುಗೊಳಿಸಿದರೂ ಆ ಪ್ರತಿ ಅಳಿಯುವುದಿಲ್ಲ. ಆದ್ದರಿಂದ ದರ ಬದಲಾವಣೆಯ ದಿನಾಂಕ ಮೊದಲೇ ತಿಳಿದಿದ್ದರೆ, ಹಿಂದಿನ ದಿನವೇ ಅವಧಿಯನ್ನು ತಗ್ಗಿಸುವುದು ಲೇಸು.

ಕ್ಯಾಶ್‌ನಲ್ಲಿ ಏನಿದ್ದರೂ, ಬಿಲ್ಲಿನ ಮೊತ್ತವನ್ನು ಪ್ರತಿಬಾರಿಯೂ ದತ್ತಸಂಚಯದಿಂದಲೇ ಲೆಕ್ಕಹಾಕಬೇಕು. ಗ್ರಾಹಕನ ಖಾತೆ, ವಿಳಾಸ, ವಿಶೇಷ ರಿಯಾಯಿತಿಗಳನ್ನು ಎಲ್ಲರಿಗೂ ಸಮಾನವಾದ ಪುಟದಲ್ಲಿ ಸಂಗ್ರಹಿಸಲೇಬಾರದು. ಒಬ್ಬರ ದರ ಇನ್ನೊಬ್ಬರ ಕಣ್ಣಿಗೆ ಬೀಳುವ ಸಂಭವವಿದೆ.

ತಂತ್ರಜ್ಞರಿಗೆ ಕೇಳಬೇಕಾದ ಪ್ರಶ್ನೆಗಳು

- ಯಾವ ಬ್ಯಾಕೆಂಡ್ ಬಳಕೆಯಲ್ಲಿದೆ? ಎಲ್ಲ ಪ್ರಕ್ರಿಯೆಗಳಿಗೂ ಅದು ಒಂದೇ ಆಗಿದೆಯೇ?
- ದರದ ಪುಟಗಳ ಅವಧಿ ಎಷ್ಟು ಸೆಕೆಂಡು?
- ದರ ತಿದ್ದಿದಾಗ ಹಳೆಯ ಪ್ರತಿ ತಾನಾಗಿ ಅಳಿಯುತ್ತದೆಯೇ?
- ಬಿಲ್ಲಿನ ಮೊತ್ತ ಎಲ್ಲಿಂದ ಬರುತ್ತದೆ?

ಬ್ಯಾಕೆಂಡ್ ಅಳವಡಿಸುವುದು ತಂತ್ರಜ್ಞರ ಕೆಲಸ. ಹಳೆಯ ದರ ಎಷ್ಟು ಹೊತ್ತು ಕಾಣಿಸಿದರೆ ಸಹಿಸಬಹುದೆಂಬುದನ್ನು ಮಾತ್ರ ವ್ಯಾಪಾರದ ಮಾಲೀಕರೇ ನಿರ್ಧರಿಸಿ, ಲಿಖಿತವಾಗಿ ತಿಳಿಸುವುದು ಕ್ಷೇಮಕರ.